ಖಿನ್ನತೆಗೆ ಫ್ಯಾಮಿಲಿ ಡಾಕ್ಟರೇ ಮಾತ್ರೆ ಕೊಡಬಹುದಾ?

ಪ್ರಶ್ನೆ: ಅಮ್ಮನಿಗೆ 52 ವರ್ಷ. ಮೂರು ತಿಂಗಳಿಂದ ನಿದ್ದೆ ಸರಿಯಿಲ್ಲ, ಮೈಕೈ ನೋವು, ಯಾರ ಜೊತೆಗೂ ಮಾತು ಬೇಡ. ನಮ್ಮ ಫ್ಯಾಮಿಲಿ ಡಾಕ್ಟರ್ ಖಿನ್ನತೆ ಅಂತ ಹೇಳಿ ಎಸ್ಸಿಟಲೋಪ್ರಾಮ್ ಬರೆದುಕೊಟ್ಟಿದ್ದಾರೆ. ಹತ್ತು ದಿನವಾದರೂ ಬದಲಾವಣೆ ಇಲ್ಲ. ಜ್ವರ, ಕೆಮ್ಮು ನೋಡುವವರು ಇದನ್ನೆಲ್ಲ ಕೊಡಬಹುದೇ? ಚಿಕ್ಕಪ್ಪ ‘ಅಭ್ಯಾಸವಾದರೆ ಬಿಡೋಕಾಗಲ್ಲ, ಈಗಲೇ ನಿಲ್ಲಿಸಿ’ ಅಂತಿದ್ದಾರೆ.
– ಓದುಗಿ, ತಿಪಟೂರು

ಉತ್ತರ: ನೀವಾಗಿಯೇ ನಿಲ್ಲಿಸಬೇಡಿ. ಈ ಮಾತ್ರೆ ಕೆಲಸ ತೋರಿಸೋಕೆ ಎರಡರಿಂದ ನಾಲ್ಕು ವಾರ ಬೇಕು. ಮೊದಲ ದಿನಗಳಲ್ಲಿ ವಾಕರಿಕೆ, ತಲೆನೋವು, ಸ್ವಲ್ಪ ಚಡಪಡಿಕೆ ಬರಬಹುದು, ಎಷ್ಟೋ ಜನ ಅಲ್ಲೇ ಬಿಟ್ಟುಬಿಡುತ್ತಾರೆ. ಚಿಕ್ಕಪ್ಪ ಹೇಳುವ ಅಭ್ಯಾಸದ ಭಯ ಹೆಚ್ಚಾಗಿ ಆಲ್ಪ್ರಜೋಲಾಮ್‌ನಂಥ ನಿದ್ದೆ ಮಾತ್ರೆಗಳಿಗೆ ಸೇರಿದ್ದು, ಇದಕ್ಕಲ್ಲ. ಆದರೆ ಇದನ್ನೂ ದಿಢೀರನೆ ಬಿಟ್ಟರೆ ತಲೆಸುತ್ತು, ಕಿರಿಕಿರಿ ಆಗುತ್ತದೆ. ಪೂರ್ತಿ ಗುಣವಾದ ಮೇಲೂ ಆರು ತಿಂಗಳಾದರೂ ತೆಗೆದುಕೊಂಡು, ಆಮೇಲೆ ಡಾಕ್ಟರ್ ಹೇಳಿದಂತೆ ನಿಧಾನವಾಗಿ ಕಡಿಮೆ ಮಾಡಬೇಕು.

ಎಂಬಿಬಿಎಸ್ ಡಾಕ್ಟರ್ ಧಾರಾಳವಾಗಿ ಕೊಡಬಹುದು, ತರಬೇತಿ ಇದ್ದರೆ. ಇದು ಹೊಸ ಮಾತೂ ಅಲ್ಲ. 1980ರ ದಶಕದಲ್ಲೇ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಡಾಕ್ಟರುಗಳಿಗೆ ಕಲಿಸಿ, ಮನೋರೋಗಗಳಿಗೆ ಊರಲ್ಲೇ ಚಿಕಿತ್ಸೆ ಕೊಡಿಸಿ ತೋರಿಸಿದರು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಎಲ್ಲರೂ ಮನೋವೈದ್ಯರನ್ನೇ ಕಾಯುತ್ತಾ ಕೂತರೆ ಬಹಳ ಜನಕ್ಕೆ ಚಿಕಿತ್ಸೆಯೇ ಸಿಗುವುದಿಲ್ಲ. 2015–16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಖಿನ್ನತೆಯಂಥ ತೊಂದರೆ ಇದ್ದವರಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಜನ ಚಿಕಿತ್ಸೆಯಿಂದ ಹೊರಗೇ ಇದ್ದರು.

ಹಾಗಾಗಿ ಬೋರ್ಡಿನ ಮೇಲೆ ಯಾವ ಡಿಗ್ರಿ ಇದೆ ಅನ್ನೋದಕ್ಕಿಂತ ಅವರು ಏನೇನು ಕೇಳಿದರು ಅಂತ ನೋಡಿ. ಥೈರಾಯ್ಡ್ ಪರೀಕ್ಷೆ ಮಾಡಿಸಿದರಾ? ಹಿಂದೆ ಯಾವತ್ತಾದರೂ ನಿದ್ದೆಯೇ ಇಲ್ಲದೆ ವಿಪರೀತ ಉತ್ಸಾಹ, ಮಾತು, ಖರ್ಚು ಇತ್ತಾ ಅಂತ ವಿಚಾರಿಸಿದರಾ? ಇದು ಮುಖ್ಯ, ಯಾಕೆಂದರೆ ಬೈಪೋಲಾರ್ (ಒಮ್ಮೆ ಖಿನ್ನತೆ, ಒಮ್ಮೆ ಇಂಥ ವಿಪರೀತ ಉತ್ಸಾಹ ಬರುವ ಕಾಯಿಲೆ) ಇರುವವರಿಗೆ ಈ ಮಾತ್ರೆ ಒಂದನ್ನೇ ಕೊಟ್ಟರೆ ಎಡವಟ್ಟಾಗಬಹುದು. ಸಾಯುವ ಯೋಚನೆ ಬರುತ್ತಾ ಅಂತ ನೇರವಾಗಿ ಕೇಳಿದರಾ? ಮತ್ತೆ ಯಾವಾಗ ಬರಬೇಕು ಅಂತ ಹೇಳಿದರಾ? ಇಷ್ಟು ಮಾಡಿದ್ದರೆ ನಿಮ್ಮ ಡಾಕ್ಟರ್ ಮೇಲೆ ನನಗೆ ನಂಬಿಕೆ ಇದೆ. ಸಾಯುವ ಮಾತು ಬಂದರೆ, ಊಟವನ್ನೇ ಬಿಟ್ಟರೆ, ಇಲ್ಲದ ದನಿ ಕೇಳಿಸುತ್ತೆ ಅಂದರೆ ಅವತ್ತೇ ಮನೋವೈದ್ಯರ ಹತ್ತಿರ ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಪ್ರಶ್ನೆ: ನಾನು ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಡಾಕ್ಟರ್. ಒಂದು ಸಲ ತರಬೇತಿಗೆ ಹೋಗಿ ಬಂದರೆ ಸಾಕಾ?
– ಯುವ ವೈದ್ಯ, ಕೊಪ್ಪಳ ಜಿಲ್ಲೆ

ಉತ್ತರ: ಸಾಲದು. ಸ್ವೀಡನ್ನಿನ ಗಾಟ್ಲೆಂಡ್ ದ್ವೀಪದಲ್ಲಿ 1983–84ರಲ್ಲಿ ಊರಿನ ಡಾಕ್ಟರುಗಳಿಗೆಲ್ಲ ಖಿನ್ನತೆಯ ಬಗ್ಗೆ ಕಲಿಸಿದ ಮೇಲೆ ಆತ್ಮಹತ್ಯೆಗಳು ಇಳಿದವು. ಕೆಲವೇ ವರ್ಷಗಳಲ್ಲಿ ಕಲಿತ ಡಾಕ್ಟರುಗಳಲ್ಲಿ ಎಷ್ಟೋ ಜನ ಬೇರೆ ಕಡೆ ಹೋದರು, ಲಾಭವೂ ಕರಗಿತು. ಆದ್ದರಿಂದ ಜಿಲ್ಲಾ ಮನೋವೈದ್ಯರ ನಂಬರ್ ಇಟ್ಟುಕೊಳ್ಳಿ. ಮೊದಲ ಕೆಲವು ರೋಗಿಗಳ ವಿಷಯದಲ್ಲಿ ಡೋಸ್ ಏರಿಸುವ ಮೊದಲು ಸಂಕೋಚವಿಲ್ಲದೆ ಫೋನ್ ಮಾಡಿ ಕೇಳಿ.