ಆಯಿಯ ಮಂಡಿಗೆ ಮೊಬೈಲಿನಲ್ಲಿ ಫಿಸಿಯೋಥೆರಪಿ ಸಾಕೇ?

ಪ್ರಶ್ನೆ: ನಮ್ಮ ಆಯಿಗೆ 66 ವರ್ಷ. ಮೂರು ವಾರದ ಹಿಂದೆ ಹುಬ್ಬಳ್ಳಿಯಲ್ಲಿ ಬಲ ಮಂಡಿ ಬದಲಿಸುವ ಆಪರೇಷನ್ ಆಯಿತು. ನಮ್ಮದು ಶಿರಸಿಯಿಂದ ತುಂಬ ಒಳಗಿನ ಹಳ್ಳಿ. ಪದೇ ಪದೇ ಓಡಾಡಿಸುವುದು ಕಷ್ಟ ಎಂದು ಆಸ್ಪತ್ರೆಯವರು ವಿಡಿಯೊ ಕಾಲ್‌ನಲ್ಲೇ ವ್ಯಾಯಾಮ ಮಾಡಿಸುತ್ತಿದ್ದಾರೆ. ಇಷ್ಟೇ ಸಾಕೇ? ನೋವೆಂದು ಆಯಿ ಸದಾ ಮಂಡಿಯಡಿ ದಿಂಬಿಟ್ಟು ಮಲಗುತ್ತಾಳೆ. ಅಡಿಕೆ ಸುಲಿಯಲು ಯಾವಾಗ ಕೂರಬಹುದು ಎಂಬುದೇ ಅವಳ ಚಿಂತೆ.
— ಓದುಗರು, ಶಿರಸಿ ತಾಲ್ಲೂಕು

ಉತ್ತರ: ಮೊದಲು ಆ ದಿಂಬು ತೆಗೆಸಿ, ವಿಡಿಯೊ ಮಾತು ಆಮೇಲೆ. ಮಂಡಿ ತುಸು ಮಡಿಚಿದ್ದರೆ ಹಾಯೆನಿಸುವುದು ನಿಜ. ಆದರೆ ಅದೇ ರೂಢಿಯಾದರೆ ಕಾಲು ಪೂರ್ತಿ ನೇರವಾಗದೆ ನಡಿಗೆಯಲ್ಲಿ ಕುಂಟು ಉಳಿದುಬಿಡುತ್ತದೆ. ಸುತ್ತಿದ ಟವೆಲನ್ನು ಹಿಮ್ಮಡಿಯ ಕೆಳಗಿಡಿ, ಮಂಡಿ ತನ್ನ ಭಾರಕ್ಕೆ ತಾನೇ ಇಳಿಯಲಿ. ಐದೈದು ನಿಮಿಷ, ದಿನಕ್ಕೆ ಮೂರ್ನಾಲ್ಕು ಸಲ. ಆಮೇಲೆ ಬಟ್ಟೆಯಲ್ಲಿ ಸುತ್ತಿದ ಐಸ್ 15 ನಿಮಿಷ.

ಇನ್ನು ವಿಡಿಯೊ. ಬಹಳ ಮಂದಿಗೆ ಅದು ಸಾಕು. 2020ರಲ್ಲಿ ಪ್ರಕಟವಾದ, ಅಮೆರಿಕದ ಸುಮಾರು 300 ರೋಗಿಗಳ ಅಧ್ಯಯನದಲ್ಲಿ ಮನೆಯಲ್ಲೇ ಪರದೆ ನೋಡಿ ವ್ಯಾಯಾಮ ಮಾಡಿದವರು ಮಂಡಿ ಬಾಗುವುದರಲ್ಲಾಗಲಿ ನಡಿಗೆಯಲ್ಲಾಗಲಿ ಖುದ್ದು ಫಿಸಿಯೋಥೆರಪಿ ಪಡೆದವರಿಗಿಂತ ಹಿಂದೆ ಬೀಳಲಿಲ್ಲ. ಆದರೆ ಮಂಡಿಯ ಕಾವು, ಬಾವು, ಚಿಪ್ಪಿನ ಅಲುಗಾಟ ಮುಟ್ಟಿಯೇ ತಿಳಿಯಬೇಕು. ಹಾಗಾಗಿ ಈ ವಾರ ಒಮ್ಮೆ ಶಿರಸಿ ಪೇಟೆಯಲ್ಲಿ ಯಾರಾದರೂ ಫಿಸಿಯೋಥೆರಪಿಸ್ಟ್‌ಗೆ ಖುದ್ದು ತೋರಿಸಿ, ಅವರ ಅಳತೆಯನ್ನು ವಿಡಿಯೊದವರಿಗೆ ತಿಳಿಸಿ. ಆರನೇ ವಾರಕ್ಕೂ ಮಂಡಿ 90 ಡಿಗ್ರಿ ಬಾಗದಿದ್ದರೆ ಹುಬ್ಬಳ್ಳಿಗೆ ಹೋಗಲೇಬೇಕು. ಬಿಗಿದ ಮಂಡಿಯನ್ನು ಅರಿವಳಿಕೆ ಕೊಟ್ಟು ಬಗ್ಗಿಸುವ ಉಪಾಯ ಮೊದಲ ಮೂರು ತಿಂಗಳೊಳಗೇ ಹೆಚ್ಚು ಫಲಿಸುವುದು.

ಫೋನನ್ನು ಮೊಮ್ಮಕ್ಕಳ ಕೈಗೆ ಕೊಡಬೇಡಿ (ಸಿಗ್ನಲ್ ಹುಡುಕುತ್ತ ಅಂಗಳಕ್ಕೆ ಓಡುತ್ತಾರೆ). ಮಂಚದೆತ್ತರದ ಸ್ಟೂಲಿನ ಮೇಲೆ, ಕಾಲು ಪಕ್ಕದಿಂದ ಕಾಣುವಂತೆ ನಿಲ್ಲಿಸಿ. ಎದುರಿನಿಂದ ಕೋನ ತಿಳಿಯದು. ಕಾಲ್ ಕಡಿದರೆ ರೆಕಾರ್ಡ್ ಮಾಡಿ ವಾಟ್ಸಾಪ್‌ನಲ್ಲಿ ಕಳಿಸಿ, ಅದೂ ನಡೆಯುತ್ತದೆ. ಮಳೆಗಾಲವಾದರೆ ಪಾಚಿ ಕಟ್ಟಿದ ಅಂಗಳದಲ್ಲಿ ನಡೆಸುವುದು ಬೇಡ, ಜಗುಲಿಯೇ ಸಾಕು.

ಮೀನಖಂಡ ಊದಿ ನೋಯುವುದು, ಜ್ವರ, ಗಾಯದಲ್ಲಿ ಕೀವು ಕಂಡರೆ ಮುಂದಿನ ಕಾಲ್‌ಗೆ ಕಾಯದೆ ಅಂದೇ ಆಸ್ಪತ್ರೆಗೆ ಒಯ್ಯಿರಿ. ಏದುಸಿರು ಬಂದರೆ ತಕ್ಷಣ 108.

ಅಡಿಕೆಯ ವಿಷಯಕ್ಕೆ ಬಂದರೆ, ಮೆಟ್ಟುಗತ್ತಿಯ ಮುಂದೆ ನೆಲಕ್ಕೆ ಕೂರುವುದನ್ನು ಈ ವರ್ಷ ಮರೆಯಲಿ. ಸುಲಿದದ್ದನ್ನು ಮೇಜಿನ ಮೇಲೆ ಹರವಿಕೊಡಿ, ಕುರ್ಚಿಯಲ್ಲಿ ಕುಳಿತು ಆರಿಸಲಿ. ನಡುವೆ ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಲಿ.