‘ಸ್ವಲ್ಪ ಅಡ್ಜಸ್ಟ್ ಮಾಡಿ’ ಅನ್ನೋದ್ರಲ್ಲಿರೋ ಅಡ್ಜಸ್ಟ್ ಎಲ್ಲಿಂದ ಬಂತು, ನಾವು ಬಳಸೋದು ತಪ್ಪಾ?

ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರ್ ಮಾಡ್ಕೋಬೇಡಿ, ಇದೇ ಪೇಚಿಗೆ ನಾನೂ ಒಂದ್ಸಲ ಸಿಕ್ಕಾಕೊಂಡಿದ್ದೆ. ನೀವು ಹೇಳ್ತಿರೋದು, ಹೊರದೇಶದ ಕ್ಲೈಂಟ್ ಜೊತೆ ಕಾಲ್‌ನಲ್ಲಿ ‘ಪ್ಲೀಸ್ ಅಡ್ಜಸ್ಟ್’ ಅಂದ್ರಿ, ಅವ್ರಿಗೆ ತಲೆಬುಡ ಗೊತ್ತಾಗ್ಲಿಲ್ಲ, ಆಮೇಲೆ ಟೀಮಿನವ್ರು ಅದು ಇಂಗ್ಲಿಷೇ ಅಲ್ಲ ಅಂತ ನಕ್ರು, ಹಾಗಾದ್ರೆ ಆ ಪದದ ನಿಜವಾದ ಅರ್ಥ ಏನು, ಎಲ್ಲಿಂದ ಬಂತು, ಉಚ್ಚಾರ ಹೇಗೆ ಅಂತ. ಚಿಕ್ಕದಾಗಿ ಹೇಳ್ಬೇಕಂದ್ರೆ ನೀವು ಆಡಿದ್ದು ಕನ್ನಡ, ಪದ ಮಾತ್ರ ಇಂಗ್ಲಿಷಿಂದು. ಆದ್ರೆ ಇಷ್ಟಕ್ಕೇ ಬಿಟ್ರೆ ಮಜಾ ಇಲ್ಲ, ಟೈಮ್ ಇದ್ರೆ ಮುಂದೆ ಓದಿ.

ಮೊದ್ಲು ನನ್ನ ಕಥೆ. ನಾನು ಅಕೌಂಟ್ಸಲ್ಲಿ ಕೆಲ್ಸ ಮಾಡೋನು. ಒಂದ್ಸಲ ಹೊರಗಿನ ಒಬ್ಬ ಸಪ್ಲೈಯರ್‌ಗೆ ಪೇಮೆಂಟ್ ಎರಡು ದಿನ ಲೇಟ್ ಆಗೋದಿತ್ತು, ‘ಕೈಂಡ್ಲಿ ಅಡ್ಜಸ್ಟ್ ಫಾರ್ ಟೂ ಡೇಸ್’ ಅಂತ ಮೇಲ್ ಹಾಕ್ದೆ. ನನ್ನ ಮನಸ್ಸಲ್ಲಿದ್ದಿದ್ದು ಎರಡು ದಿನ ಸುಧಾರಿಸ್ಕೊಳ್ಳಪ್ಪ ಅಂತ. ಆ ಮನುಷ್ಯ ವಾಪಸ್ ಕೇಳ್ದ, ಯಾವ ಇನ್‌ವಾಯ್ಸನ್ನ ಅಡ್ಜಸ್ಟ್ ಮಾಡ್ಬೇಕು, ಎಷ್ಟು ಅಮೌಂಟು, ಕ್ರೆಡಿಟ್ ನೋಟ್ ಕೊಡ್ಲಾ ಅಂತ! ಅಂದ್ರೆ ನಾನು ಅವನ ತಾಳ್ಮೆ ಕೇಳಿದ್ರೆ ಅವನು ಬಿಲ್ಲಲ್ಲಿ ದುಡ್ಡು ಇಳಿಸೋಕೆ ರೆಡಿ ಆಗಿದ್ದ. ಸುಮ್ನಿದ್ದಿದ್ರೆ ಕಂಪ್ನಿಗೆ ಲಾಭ ಆಗೋದೇನೋ, ನಾನೇ ಪೆದ್ದನ ಥರ ಫೋನ್ ಮಾಡಿ ವಿವರಿಸ್ದೆ.

ಅವನದೇನೂ ತಪ್ಪಿಲ್ಲ. ಇಂಗ್ಲಿಷಲ್ಲಿ ಅಡ್ಜಸ್ಟ್ ಮಾಡೋದು ಸಾಮಾನ್ಯವಾಗಿ ಒಂದು ವಸ್ತುವನ್ನ. ಕಾರಿನ ಕನ್ನಡಿ, ಸೀಟಿನ ಎತ್ತರ, ಫ್ಯಾನಿನ ಸ್ಪೀಡು, ಬೈಕಿನ ಚೈನು. ಸ್ವಲ್ಪ ಹಿಂದೆ ಮುಂದೆ ಮಾಡಿ ಸರಿಯಾದ ಜಾಗಕ್ಕೆ ತರೋದು. ಮೆಕಾನಿಕ್ ಹತ್ರ ‘ಚೈನ್ ಅಡ್ಜಸ್ಟ್ ಮಾಡ್ಕೊಡು’ ಅಂದಾಗ ನಾವು ಲಂಡನ್ನಿನವ್ರಷ್ಟೇ ಸರಿಯಾಗಿ ಆ ಪದ ಬಳಸ್ತಿರ್ತೀವಿ. ಲೆಕ್ಕಪತ್ರದಲ್ಲೂ ಅದೇ, ಬಿ.ಕಾಂ. ಓದಿದವ್ರಿಗೆ ನೆನಪಿರುತ್ತೆ, ಫೈನಲ್ ಅಕೌಂಟ್ಸ್ ಪ್ರಾಬ್ಲಮ್‌ನಲ್ಲಿ ಟ್ರಯಲ್ ಬ್ಯಾಲೆನ್ಸ್ (ಎಲ್ಲ ಖಾತೆಗಳ ಬಾಕಿಯ ಪಟ್ಟಿ) ಕೆಳಗೆ ‘ಅಡ್ಜಸ್ಟ್‌ಮೆಂಟ್ಸ್’ ಅಂತ ನಾಲ್ಕೈದು ಕೊಟ್ಟಿರ್ತಾರೆ, ಸಂಬಳ ಇಷ್ಟು ಬಾಕಿ, ಮಷಿನರಿ ಮೇಲೆ 10 ಪರ್ಸೆಂಟ್ ಡಿಪ್ರಿಸಿಯೇಷನ್ (ಸವಕಳಿ) ಅಂತೆಲ್ಲ, ಪ್ರತಿಯೊಂದನ್ನೂ ಎರಡು ಕಡೆ ತೋರಿಸ್ಬೇಕು, ಒಂದು ಕಡೆ ಮರೆತ್ರೆ ಬ್ಯಾಲೆನ್ಸ್ ಶೀಟ್ ಟ್ಯಾಲಿ ಆಗಲ್ಲ, ಬೆಲ್ ಹೊಡೆಯೋಕೆ ಐದು ನಿಮಿಷ ಇದ್ದಾಗ ಎದೆ ಡವಡವ. ಪೇಪರಲ್ಲಿ ಬರೋ ‘ಇನ್‌ಫ್ಲೇಶನ್ ಅಡ್ಜಸ್ಟೆಡ್’ ಕೂಡ ಇದೇ ಜಾತಿದು. ಸಂಬಳ 10 ಪರ್ಸೆಂಟ್ ಏರ್ತು, ಬೆಲೆ 6 ಪರ್ಸೆಂಟ್ ಏರ್ತು ಅಂದ್ರೆ 110ನ್ನ 106ರಿಂದ ಭಾಗಿಸಿ ನೋಡಿದ್ರೆ ನಿಮ್ಮ ಕೈಗೆ ಹೆಚ್ಚಾಗಿ ಸಿಕ್ಕಿದ್ದು 4 ಪರ್ಸೆಂಟೂ ಇಲ್ಲ.

ಇನ್ಶೂರೆನ್ಸಲ್ಲಿ ಇನ್ನೊಂದು ಅರ್ಥ ಇದೆ, ನಷ್ಟದ ಲೆಕ್ಕ ಹಾಕಿ ಕ್ಲೇಮ್ ತೀರ್ಮಾನ ಮಾಡೋದು. ನಮ್ಮಲ್ಲಿ ಕಾರ್ ಗುದ್ದಿದಾಗ ನೋಡೋಕೆ ಬರೋನನ್ನ ಸರ್ವೇಯರ್ ಅಂತೀವಲ್ಲ, ಅಮೆರಿಕದಲ್ಲಿ ಅವನ ಥರದವನೇ ಅಡ್ಜಸ್ಟರ್. ಹಡಗಿನ ಇನ್ಶೂರೆನ್ಸಲ್ಲಂತೂ ‘ಆವರೇಜ್ ಅಡ್ಜಸ್ಟರ್’ ಅಂತ ಒಂದು ಉದ್ಯೋಗವೇ ಇದೆ. ಬಿರುಗಾಳಿಲಿ ಹಡಗು ಉಳಿಸೋಕೆ ಒಬ್ಬನ ಸರಕನ್ನ ಸಮುದ್ರಕ್ಕೆ ಎಸೆದ್ರು ಅನ್ಕೊಳ್ಳಿ, ಆ ನಷ್ಟ ಅವನೊಬ್ಬನ ತಲೆ ಮೇಲೆ ಬೀಳಲ್ಲ, ಹಡಗಿನ ಮಾಲೀಕ, ಸರಕು ಉಳಿಸ್ಕೊಂಡೋರು, ಎಲ್ಲರೂ ಪಾಲು ಹಾಕ್ಕೊಂಡು ತುಂಬ್ಕೊಡ್ಬೇಕು, ಯಾರ ಪಾಲು ಎಷ್ಟು ಅಂತ ಲೆಕ್ಕ ಹಾಕೋನು ಈ ಅಡ್ಜಸ್ಟರ್. ಆವರೇಜ್ ಅನ್ನೋ ಪದಕ್ಕೂ ಮೊದ್ಲು ಈ ನಷ್ಟದ ಅರ್ಥವೇ ಇದ್ದಿದ್ದು, ಸರಾಸರಿ ಅನ್ನೋ ಅರ್ಥ ಬಂದಿದ್ದು ಆಮೇಲೆ. ಅದು ಬೇರೆ ಕಥೆ, ಬಿಡಿ.

ಈಗ ಮೂಲಕ್ಕೆ ಬರೋಣ. ಪದ ನೋಡಿದ್ರೆ ಏನನ್ಸುತ್ತೆ? ಒಳಗೆ ‘ಜಸ್ಟ್’ ಇದೆ, ಜಸ್ಟಿಸ್‌ನಲ್ಲಿರೋ ಜಸ್ಟ್, ಅಂದ್ರೆ ನ್ಯಾಯ, ಸರಿ, ಹಾಗಾಗಿ ಅಡ್ಜಸ್ಟ್ ಅಂದ್ರೆ ಸರಿ ಮಾಡೋದು. ಎಷ್ಟು ಚೆನ್ನಾಗಿ ಕೂರುತ್ತೆ ಅಲ್ವಾ? ಆದ್ರೆ ಹುಟ್ಟಿನಲ್ಲಿ ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ನಿಜವಾದ ಮೂಲ ಲ್ಯಾಟಿನ್‌ನ ‘ಯುಕ್ಸ್‌ತಾ’, ಅರ್ಥ ಹತ್ತಿರ, ಪಕ್ಕದಲ್ಲಿ. ಅದರ ಮೊದ್ಲಿಗೆ ‘ಅದ್’ ಸೇರಿಸಿ ಪಕ್ಕಕ್ಕೆ ತರೋದು ಅಂತ ಒಂದು ಕ್ರಿಯಾಪದ ಮಾಡ್ಕೊಂಡ್ರು, ಅದು ಹಳೇ ಫ್ರೆಂಚಲ್ಲಿ ‘ಅಜೋಸ್ತೆ’ ಥರ ಆಗಿ ಜೋಡಿಸು, ಸೇರಿಸು ಅನ್ನೋ ಅರ್ಥ ಪಡ್ಕೊಂತು. 14ನೇ ಶತಮಾನದ ಕೊನೆ ಹೊತ್ತಿಗೇ ಇಂಗ್ಲಿಷಿಗೆ ಒಂದ್ಸಲ ಬಂದು ಹೋಗಿದೆ. ಅಷ್ಟರಲ್ಲಿ ಫ್ರೆಂಚರೂ ನಮ್ ಥರಾನೇ ಯೋಚಿಸಿದ್ರು ಅನ್ಸುತ್ತೆ, ಇದ್ರೊಳಗೆ ‘ಜಸ್ಟ್’ ಕಾಣ್ತಿದೆಯಲ್ಲ, ಇದು ನ್ಯಾಯದ ಪದವೇ ಇರ್ಬೇಕು ಅಂದ್ಕೊಂಡು ಸ್ಪೆಲಿಂಗನ್ನೂ ಅರ್ಥವನ್ನೂ ಆ ಕಡೆಗೆ ಎಳೆದ್ರು. ಹಾಗೆ ತಿದ್ದಿದ ರೂಪ ಸುಮಾರು 1600ರ ಹೊತ್ತಿಗೆ ಇಂಗ್ಲಿಷಿಗೆ ಮತ್ತೆ ಬಂತು, ಈಗ ನಾವು ಆಡ್ತಿರೋದು ಅದು. ಫ್ರೆಂಚಲ್ಲಿ ಇವತ್ತಿಗೂ ಎರಡು ಪದ ಬೇರೆಬೇರೆ ಉಳ್ಕೊಂಡಿದೆ, ‘ಅಜುತೆ’ ಅಂದ್ರೆ ಸೇರಿಸು, ‘ಅಜುಸ್ತೆ’ ಅಂದ್ರೆ ಸರಿಪಡಿಸು. ಜನ ತಪ್ಪು ತಿಳ್ಕೊಂಡೇ ಒಂದು ಪದದ ದಾರಿ ತಿರುಗಿಸಿಬಿಟ್ರು ನೋಡಿ, ಯಾವ ಪಂಡಿತರಿಗೂ ಅದನ್ನ ವಾಪಸ್ ತರೋಕಾಗ್ಲಿಲ್ಲ. ಮುಂದಿನ್ಸಲ ನಿಮ್ಮ ಟೀಮಿನವ್ರು ‘ತಪ್ಪು ಬಳಕೆ’ ಅಂದ್ರೆ ಇದನ್ನೇ ಹೇಳಿ.

ಆ ಯುಕ್ಸ್‌ತಾ ಇದ್ಯಲ್ಲ, ಅದರ ಬೇರು ಜೋಡಿಸು ಅನ್ನೋ ಅರ್ಥದ ಒಂದು ಬಹಳ ಹಳೇ ಧಾತು. ಇಂಗ್ಲಿಷಿನ ಜಾಯಿಂಟು, ಜಂಕ್ಷನ್ನು, ನೊಗಕ್ಕೆ ಹೇಳೋ ‘ಯೋಕ್’ ಎಲ್ಲ ಆ ಮನೆ ಮಕ್ಕಳೇ. ಸಂಸ್ಕೃತದ ‘ಯುಜ್’ ಧಾತು ಕೂಡ ಅದೇ ಬಳ್ಳಿದು, ಅದರಿಂದ ಬಂದಿದ್ದು ಯೋಗ, ಯುಕ್ತ, ಸಂಯೋಗ. ಅಂದ್ರೆ ಅರಸೀಕೆರೆ ಜಂಕ್ಷನ್ನು, ಬೆಳಗ್ಗೆ ಪಾರ್ಕಲ್ಲಿ ಮಾಡೋ ಯೋಗ, ಬಸ್ಸಲ್ಲಿ ಕೇಳೋ ಅಡ್ಜಸ್ಟು, ಮೂರೂ ದೂರದ ನೆಂಟ್ರು. ಮೊದಲ್ನೇ ಸಲ ಇದು ಗೊತ್ತಾದಾಗ ಮನೇಲಿ ಎಲ್ರಿಗೂ ಹೇಳ್ಕೊಂಡು ಓಡಾಡ್ದೆ, ಯಾರೂ ಅಷ್ಟು ಕೇರ್ ಮಾಡ್ಲಿಲ್ಲ.

ಇನ್ನು ನಮ್ಮ ಬಳಕೆ, ನಂಗೆ ಇಷ್ಟವಾದ ಭಾಗ ಇದೇ. ಕನ್ನಡದಲ್ಲಿ ಒಂದು ಅಡ್ಜಸ್ಟನ್ನ ನಾವು ಎಷ್ಟು ಥರ ಬಗ್ಗಿಸಿದೀವಿ ಗಮನಿಸಿ. ‘ಅಡ್ಜಸ್ಟ್ ಮಾಡು’ ಬೇರೆ, ‘ಅಡ್ಜಸ್ಟ್ ಆಗು’ ಬೇರೆ, ‘ಅಡ್ಜಸ್ಟ್ ಮಾಡ್ಕೋ’ ಬೇರೆ. ಕನ್ನಡಿ ಅಡ್ಜಸ್ಟ್ ಮಾಡ್ತೀವಿ. ಹಾಸ್ಟೆಲಿಗೆ ಸೇರಿದ ಹುಡುಗ ಒಂದು ತಿಂಗಳಲ್ಲಿ ಅಡ್ಜಸ್ಟ್ ಆಗ್ತಾನೆ, ಅಂದ್ರೆ ಒಗ್ಗಿಹೋಗ್ತಾನೆ. ಅಲ್ಲಿನ ಸಾಂಬಾರನ್ನ ಮಾತ್ರ ಅಡ್ಜಸ್ಟ್ ಮಾಡ್ಕೊಂಡು ತಿಂತಾನೆ, ಇಲ್ಲಿ ಅವನಿಗೆ ಒಗ್ಗಿಲ್ಲ, ಇಷ್ಟಾನೂ ಇಲ್ಲ, ಸಹಿಸ್ಕೊಂಡಿದಾನೆ. ಈ ‘ಕೊಳ್ಳು’ ಸೇರಿದ ತಕ್ಷಣ ಭಾರ ತನ್ನ ಮೇಲೆ ಬಿತ್ತು ಅಂತ ಅರ್ಥ ಬರುತ್ತಲ್ಲ, ಅದು ಇಂಗ್ಲಿಷಿನ ಒಂದೇ ಪದದಲ್ಲಿ ಹೇಳೋಕೆ ಬರಲ್ಲ. ಒಗ್ಗಿಹೋಗೋ ಅರ್ಥ ಇಂಗ್ಲಿಷಲ್ಲೂ ಇದೆ, 20ನೇ ಶತಮಾನದ್ದು, ಆದ್ರೆ ಸಹಿಸ್ಕೊಳ್ಳೋ ಅರ್ಥ ಅಲ್ಲಿ ಇಲ್ಲ, ಅದು ನಮ್ಮ ಕಡೆಯದು. ನಿಮ್ಮ ಕ್ಲೈಂಟ್ ತಬ್ಬಿಬ್ಬಾಗಿದ್ದು ಇಲ್ಲೇ.

ಇನ್ನೊಂದು, ‘ಗುರೂ, ಒಂದೈದ್ ಸಾವಿರ ಅಡ್ಜಸ್ಟ್ ಆಗುತ್ತಾ?’ ಅಂತ ತಿಂಗಳ ಕೊನೇಲಿ ಫ್ರೆಂಡ್ ಫೋನ್ ಮಾಡ್ತಾನೆ. ಇಲ್ಲಿ ಅಡ್ಜಸ್ಟ್ ಅಂದ್ರೆ ಸಾಲ! ಯಾವ ಇಂಗ್ಲಿಷ್ ಡಿಕ್ಷನರಿಲೂ ಸಿಗಲ್ಲ. ಬಂದಿದ್ದೆಲ್ಲಿಂದ ಅಂದ್ರೆ, ನಂಗನ್ಸೋ ಹಾಗೆ, ನಮ್ಮ ‘ಹೊಂದಿಸು’ ಪದದಿಂದ. ಸ್ಕ್ರೂ ಹೊಂದಿಸ್ತೀವಿ, ಟೈಮ್ ಹೊಂದಿಸ್ತೀವಿ, ಮಗಳ ಮದುವೆಗೆ ದುಡ್ಡೂ ಹೊಂದಿಸ್ತೀವಿ. ಅಡ್ಜಸ್ಟ್ ಬಂದು ಹೊಂದಿಸು ಪದದ ಜಾಗದಲ್ಲಿ ಕೂತಾಗ ಆ ಪದ ಮಾಡ್ತಿದ್ದ ಕೆಲ್ಸ ಎಲ್ಲ ಇದರ ತಲೆಗೆ ಬಿತ್ತು. ರಾಜಕೀಯದಲ್ಲೂ ನೋಡಿ, ಎದುರಾಳಿ ಪಕ್ಷದವ್ರು ಒಳಗೊಳಗೇ ಮಾತಾಡ್ಕೊಂಡಿದಾರೆ ಅನ್ನೋಕೆ ಟೀವಿಲಿ ಒಂದಿನ ‘ಹೊಂದಾಣಿಕೆ ರಾಜಕಾರಣ’ ಅಂತ ಬರುತ್ತೆ, ಇನ್ನೊಂದಿನ ‘ಅಡ್ಜಸ್ಟ್‌ಮೆಂಟ್ ರಾಜಕಾರಣ’ ಅಂತ, ಎರಡೂ ಒಂದೇ. ಸೊಸೆಗೆ ಹೇಳೋ ‘ಅನುಸರಿಸ್ಕೊಂಡು ಹೋಗಮ್ಮ’ ಕೂಡ ಈಗ ‘ಅಡ್ಜಸ್ಟ್ ಮಾಡ್ಕೊಂಡು ಹೋಗಮ್ಮ’ ಆಗಿದೆ. ಪದ ಬದಲಾಯ್ತು, ಹೇಳಿಸ್ಕೊಳ್ಳೋರು ಬದಲಾಗ್ಲಿಲ್ಲ, ಅಳಿಯನಿಗೆ ಯಾರೂ ಇದನ್ನ ಹೇಳಿದ್ದು ನಾನಂತೂ ಕೇಳಿಲ್ಲ. ಈ ಒಂದು ಬಳಕೆ ಮಾತ್ರ ನಂಗೆ ಕೇಳಿದ್ರೇನೇ ಮೈ ಉರಿಯುತ್ತೆ.

ಇನ್ನೂ ಒಂದು ವಿಷಯ ಹೇಳ್ಲೇಬೇಕು. ಊರ ಕಡೆ ‘ನಮ್ಮ ತೋಟಕ್ಕೆ ಹೊಂದಿಕೊಂಡಂಗೆ ಕೆರೆ ಇದೆ’ ಅಂತೀವಿ ಅಲ್ವಾ, ಅಂದ್ರೆ ಪಕ್ಕದಲ್ಲೇ, ಅಂಟ್ಕೊಂಡಂಗೆ. ಅಲ್ಲಿಗೆ ಕನ್ನಡದ ‘ಹೊಂದು’ ಪದದಲ್ಲೂ ಪಕ್ಕದಲ್ಲಿರೋದು, ಸೇರ್ಕೊಳ್ಳೋದು, ಸರಿಹೋಗೋದು ಎಲ್ಲ ಒಟ್ಟಿಗೇ ಇದೆ. ಲ್ಯಾಟಿನ್‌ನ ಯುಕ್ಸ್‌ತಾ ಪಕ್ಕ ಅನ್ನೋದ್ರಿಂದ ಶುರುವಾಗಿ ಸರಿಹೊಂದಿಸೋದಕ್ಕೆ ಬಂತು, ನಮ್ಮ ಪದವೂ ಅದೇ ಎರಡು ಅರ್ಥ ಇಟ್ಕೊಂಡು ಕೂತಿದೆ. ಒಂದಕ್ಕೊಂದು ನೆಂಟಸ್ತಿಕೆ ಇಲ್ಲ, ಕನ್ನಡ ದ್ರಾವಿಡ ಭಾಷೆ, ಅದು ಬೇರೆ ಕುಟುಂಬ, ಆದ್ರೂ ಕೊನೆಗೆ ಒಂದೇ ಸೀಟಲ್ಲಿ ಬಂದು ಕೂತಿವೆ.

ನಾನು ಕೆಲವು ವರ್ಷ ತುಮಕೂರಿಂದ ಬೆಂಗಳೂರಿಗೆ ಪಾಸ್ ತಗೊಂಡು ರೈಲಲ್ಲಿ ಓಡಾಡ್ದೋನು. ಮೂರು ಜನರ ಸೀಟು, ನಾಲ್ಕನೆಯವನು ಬಂದು ನಿಂತು ‘ಸ್ವಲ್ಪ ಅಡ್ಜಸ್ಟ್ ಮಾಡಿ ಸಾರ್’ ಅಂತಾನೆ, ಯಾರೂ ಮುಖ ಎತ್ತಿ ನೋಡದೆ ಮೂವರೂ ಅರ್ಧರ್ಧ ಗೇಣು ಸರೀತಾರೆ. ಉತ್ತರ ಕರ್ನಾಟಕದ ಕಡೆ ಹೋದ್ರೆ ‘ಸ್ವಲ್ಪ ಸರದು ಕೂಡ್ರಿ’ ಅಂತ ಇಂಗ್ಲಿಷ್ ಬೆರೆಸದೆ ಕೇಳ್ತಾರೆ, ಅದೂ ಚಂದ. ನಮ್ಮ ರೈಲಿನ ಆ ನಾಲ್ಕನೆಯವನು ಕೇಳ್ತಿರೋದು ಹತ್ತಿರ ಸರೀರಿ, ಪಕ್ಕಪಕ್ಕ ಆಗಿ ಅಂತ ತಾನೇ? ಯುಕ್ಸ್‌ತಾ! ನಡುವೆ ನ್ಯಾಯ, ಲೆಕ್ಕಪತ್ರ, ಇನ್ಶೂರೆನ್ಸು ಅಂತ ಊರೆಲ್ಲ ಸುತ್ತಿ ಬಂದ ಪದ ತುಮಕೂರು ಪ್ಯಾಸೆಂಜರ್‌ನಲ್ಲಿ ತನ್ನ ಹುಟ್ಟಿದ ಅರ್ಥಕ್ಕೆ ವಾಪಸ್ ಬಂದಿದೆ. ಇಂಗ್ಲಿಷರಿಗಿಂತ ನಾವೇ ಮೂಲಕ್ಕೆ ಹತ್ರ ಇದೀವಿ ಅಂತ ನಾನಂತೂ ಜಗಳ ಆಡೋಕೆ ರೆಡಿ.

ಆದ್ರೆ ಕ್ಲೈಂಟ್ ಜೊತೆ ಈ ಜಗಳ ಬೇಡ, ಅವ್ರಿಗೆ ಅರ್ಥ ಆಗೋ ಹಾಗೆ ಹೇಳಿ. ಜಾಗ ಬೇಕಿದ್ರೆ ‘ಕುಡ್ ಯು ಮೂವ್ ಓವರ್ ಎ ಬಿಟ್’, ಟೈಮ್ ಬೇಕಿದ್ರೆ ‘ಕುಡ್ ಯು ಗಿವ್ ಅಸ್ ಟೂ ಮೋರ್ ಡೇಸ್’, ತೊಂದ್ರೆ ಸಹಿಸ್ಕೊಳ್ಳಿ ಅನ್ನೋಕೆ ‘ಪ್ಲೀಸ್ ಬೇರ್ ವಿತ್ ಅಸ್’. ಅಡ್ಜಸ್ಟ್ ಬಳಸಲೇಬೇಕು ಅಂದ್ರೆ ಏನನ್ನ ಅಂತ ಜೊತೆಗೇ ಹೇಳ್ಬಿಡಿ, ಶೆಡ್ಯೂಲನ್ನ, ಡೆಲಿವರಿ ಡೇಟನ್ನ, ಬಜೆಟ್ಟನ್ನ, ಆಗ ಯಾರಿಗೂ ಗೊಂದಲ ಆಗಲ್ಲ. ಮತ್ತೆ ಮರೀಬೇಡಿ, ‘ಅಡ್ಜಸ್ಟ್ ಯುವರ್‌ಸೆಲ್ಫ್’ ಅಂತ ಮಾತ್ರ ಯಾರಿಗೂ ಹೇಳ್ಬೇಡಿ, ಬಟ್ಟೆ ಸರಿ ಮಾಡ್ಕೋ ಅಂದಂಗಾಗಿ ಎದುರಿಗಿರೋರು ಪ್ಯಾಂಟಿನ ಜಿಪ್ ನೋಡ್ಕೊಳ್ತಾರೆ.

ಉಚ್ಚಾರದ್ದೂ ಕೇಳಿದ್ರಿ. ಇಂಗ್ಲಿಷರ ಬಾಯಲ್ಲಿ ಆ ಡಿ ಬೇರೆಯಾಗಿ ಕೇಳ್ಸಲ್ಲ, ‘ಅಜಸ್ಟ್’ ಅಂತಾರೆ. ನಾವು ‘ಅಡ್‌ಜಸ್ಟ್’ ಅಂತ ಒತ್ತಿ ಹೇಳ್ತೀವಿ. ಕ್ಲೈಂಟ್ ಕಾಲ್‌ನಲ್ಲಿ ಡಿ ನುಂಗಿ, ಬಸ್ಸಲ್ಲಿ ನುಂಗ್ಬೇಡಿ, ಯಾರೂ ಸರಿಯಲ್ಲ.