ಸಂಪಾದಕರ ಉತ್ತರ: ವಾಲಿಗೆ ಮಾತಿದೆ, ಆ ಹಳ್ಳಿಗಿಲ್ಲ

ಪ್ರಿಯ ಓದುಗರೇ,

ಕಳೆದ ಸಂಚಿಕೆಯ ವಿಡಿಯೊ ಗೇಮ್ ಲೇಖನವನ್ನು ಓದಿ ಪೆರ್ಲದಿಂದ ತಾವು ಬರೆದ ನಾಲ್ಕು ಪುಟಗಳ ಪತ್ರ ತಲುಪಿದೆ. ಇಡಿಯಾಗಿ ಅಚ್ಚು ಹಾಕಲು ಸ್ಥಳವಿಲ್ಲದ ಕಾರಣ ಉಳಿದ ಓದುಗರಿಗಾಗಿ ಸಾರವನ್ನಷ್ಟೇ ಹೇಳುತ್ತೇನೆ. ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ ಸಂಸ್ಥೆ 2015ರಲ್ಲಿ ಹೊರತಂದ ‘ದಿ ವಿಚರ್ 3’ ಆಡುವಾಗ ತಾವು ಮರದ ಬುಡದಲ್ಲಿ ಬಂಧಿಯಾಗಿದ್ದ ಆತ್ಮವೊಂದನ್ನು ಬಿಡಿಸಿದಿರಿ; ಜೌಗು ನೆಲದ ಅನಾಥ ಮಕ್ಕಳನ್ನು ಮಾಟಗಾತಿಯರಿಂದ ಕಾಪಾಡುತ್ತೇನೆಂದು ಅದು ಕೊಟ್ಟ ಮಾತನ್ನು ನಂಬಿದಿರಿ. ಮಕ್ಕಳೇನೋ ಉಳಿದರು; ಆದರೆ ಡೌನ್‌ವಾರನ್ ಎಂಬ ಹಳ್ಳಿ ನಾಶವಾಯಿತು, ಬ್ಯಾರನ್ ಎನಿಸಿಕೊಂಡ ಆ ಸೀಮೆಯ ಒಡೆಯನ ಹೆಂಡತಿ ಸತ್ತಳು, ಬ್ಯಾರನ್ ನೇಣು ಹಾಕಿಕೊಂಡ. ಹಳೆಯ ಸೇವ್‌ಗೆ (ಆಟವನ್ನು ಮೊದಲು ಉಳಿಸಿಟ್ಟಿದ್ದ ಹಂತಕ್ಕೆ) ಮರಳಿ ಆತ್ಮವನ್ನು ಕೊಂದಾಗ ಹಳ್ಳಿ ಉಳಿಯಿತು, ಮಕ್ಕಳು ಇಲ್ಲವಾದರು, ಆ ಹೆಂಗಸಿಗೆ ಬುದ್ಧಿಭ್ರಮಣೆಯಾಯಿತು. ಫಲವನ್ನು ಮುಚ್ಚಿಟ್ಟು ಆಯ್ಕೆ ಮಾಡಿಸುವುದು ಮೋಸವಲ್ಲವೇ, ಎರಡೂ ಕಡೆ ಕೆಡುಕೇ ಇದ್ದರೆ ಅಲ್ಲಿ ಧರ್ಮದ ಪ್ರಶ್ನೆ ಎಲ್ಲಿಂದ ಬಂತು ಎಂಬುದು ತಮ್ಮ ಆಕ್ಷೇಪ.

ಎರಡನೆಯ ಪ್ರಶ್ನೆಯನ್ನು ಮೊದಲು ಎತ್ತಿಕೊಳ್ಳುತ್ತೇನೆ. ರಿಚರ್ಡ್ ಗ್ಯಾರಿಯಟ್ 1985ರಲ್ಲಿ ರೂಪಿಸಿದ ‘ಅಲ್ಟಿಮಾ 4’ರಲ್ಲಿ ಕೊನೆಗೆ ಕೊಲ್ಲಬೇಕಾದ ದುಷ್ಟನೇ ಇಲ್ಲ, ಎಂಟು ಸದ್ಗುಣಗಳನ್ನು ರೂಢಿಸಿಕೊಂಡು ‘ಅವತಾರ’ನಾಗುವುದೇ ಗುರಿ. ಆರಂಭದಲ್ಲಿಯೇ ಕಣಿ ಹೇಳುವವಳೊಬ್ಬಳು ಏಳು ಪ್ರಶ್ನೆಗಳನ್ನು ಕೇಳುತ್ತಾಳೆ. ಎಣಿಸದೆ ಕೊಟ್ಟ ಹಣದ ಚೀಲವನ್ನು ತಲುಪಿಸಲು ಹೊರಟಿದ್ದೀರಿ, ದಾರಿಯಲ್ಲಿ ಭಿಕ್ಷುಕನೊಬ್ಬ ಸಿಗುತ್ತಾನೆ. ಅದರಿಂದ ಒಂದು ನಾಣ್ಯ ಕೊಡುವಿರೋ, ನಂಬಿಕೆ ಉಳಿಸಿಕೊಳ್ಳುವಿರೋ? ಇಲ್ಲಿ ಕೆಡುಕೆಂಬುದೇ ಇಲ್ಲ, ಇರುವುದು ಎರಡು ಒಳಿತುಗಳು, ಮತ್ತು ಒಂದನ್ನು ಬಿಡಲೇಬೇಕು. ಅದೇ ಆಟದಲ್ಲಿ ಮೂಲಿಕೆ ಮಾರುವವರು ಕುರುಡರು. ಎಷ್ಟು ಹಣ ಕೊಟ್ಟೆ ಎಂಬುದನ್ನು ಆಡುವವನೇ ಒತ್ತಬೇಕು. ಕಡಿಮೆ ಒತ್ತಿದರೆ ಯಾರೂ ಗದರುವುದಿಲ್ಲ, ಪ್ರಾಮಾಣಿಕತೆಯ ಲೆಕ್ಕ ಮಾತ್ರ ಒಳಗೊಳಗೇ ಇಳಿಯುತ್ತದೆ. ಫಲವನ್ನು ಮುಚ್ಚಿಡುವ ಕ್ರಮ ಅಷ್ಟು ಹಳೆಯದು. ಅದನ್ನು ಮೋಸವೆನ್ನಲು ನನಗೆ ಮನಸ್ಸಿಲ್ಲ. ಫಲ ಮೊದಲೇ ಗೊತ್ತಿದ್ದರೆ ನಾವು ಮಾಡುವುದು ಆಯ್ಕೆಯಲ್ಲ, ವ್ಯಾಪಾರ. ಸೇವ್‌ಗೆ ಮರಳಿ ತಾವು ಮಾಡಿದ್ದೂ ಅದನ್ನೇ, ಕ್ಷಮಿಸಬೇಕು.

ಇದಕ್ಕಿಂತ ದೊಡ್ಡ ದೋಷವೆಂದರೆ ಯಾರಿಗೂ ಏನೂ ಆಗದ ಮೂರನೆಯ ದಾರಿ. ಬಯೋವೇರ್ ಸಂಸ್ಥೆಯ ‘ಡ್ರ್ಯಾಗನ್ ಏಜ್: ಒರಿಜಿನ್ಸ್’ (2009) ಆಟದಲ್ಲಿ ಪಿಶಾಚಿ ಹಿಡಿದ ಹುಡುಗನನ್ನು ಕೊಲ್ಲಬೇಕೇ, ಅವನ ತಾಯಿಯನ್ನು ಬಲಿಕೊಡಬೇಕೇ ಎಂದು ಮನಸ್ಸನ್ನು ಹಿಂಡಿ, ಕೊನೆಗೆ ದೂರದ ಮಾಂತ್ರಿಕರನ್ನು ಕರೆತಂದರೆ ಎಲ್ಲರೂ ಉಳಿಯುವಂತೆ ಮಾಡಿದ್ದಾರೆ. ಹೋಗಿಬರುವಷ್ಟು ಹೊತ್ತು ಪಿಶಾಚಿ ಸುಮ್ಮನೆ ಕಾದಿರುತ್ತದೆ!

ತಮ್ಮ ಆಕ್ಷೇಪದ ತಿರುಳು ಬೇರೆಡೆ ಇದೆ ಎಂದು ನನಗನಿಸುತ್ತದೆ, ಅದನ್ನು ಹೇಳಲು ನಮ್ಮೂರಿನ ಆಟಕ್ಕೇ, ಎಂದರೆ ಯಕ್ಷಗಾನಕ್ಕೇ ಬರಬೇಕು. (ಕಾಸರಗೋಡಿನಲ್ಲಿ ‘ನಿನ್ನೆ ಆಟಕ್ಕೆ ಹೋಗಿದ್ದೆ’ ಎಂದರೆ ಯಾರೂ ಕಂಪ್ಯೂಟರಿನ ಕಡೆ ನೋಡುವುದಿಲ್ಲ.) ಕುಂಬಳೆಯ ಪಾರ್ತಿಸುಬ್ಬನದೆಂದು ನಾವು ಹಾಡಿಕೊಂಡು ಬಂದ ರಾಮಾಯಣ ಪ್ರಸಂಗಗಳಲ್ಲಿ ವಾಲಿಯ ವಧೆ, ವೇಷ ಕುಣಿತಗಳಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ತಾಳಮದ್ದಳೆಗೆ ಎಷ್ಟು ಸಲ ಬಂದಿಲ್ಲ? ಅಲ್ಲಿ ಆಯ್ಕೆಯೆಂಬುದೇ ಇಲ್ಲ; ಬಾಣ ಬಿಟ್ಟಾಗಿದೆ, ವಾಲಿ ಸಾಯಲೇಬೇಕು, ಭಾಗವತರು ಬೇರೆ ಪದ ಹಾಡುವಂತಿಲ್ಲ. ಆದರೂ ಬಿದ್ದ ವಾಲಿ ‘ಮರೆಯಲ್ಲಿ ನಿಂತು ಏಕೆ ಹೊಡೆದೆ’ ಎಂದು ಕೇಳತೊಡಗಿದಾಗ ಚಾಪೆಯ ಮೇಲೆ ಕುಳಿತವರ ನಿದ್ದೆ ಹಾರಿಹೋಗುತ್ತದೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ವಾಲಿಯಾಗಿ ಅರ್ಥ (ಪಾತ್ರದ ಮಾತು) ಹೇಳಿದಾಗ ರಾಮನ ಪಾತ್ರಧಾರಿಗೆ ಬೆವರಿಳಿಯುತ್ತಿತ್ತೆಂದು ಹಿರಿಯರು ಇಂದಿಗೂ ಹೇಳುತ್ತಾರೆ. ರಾಮನನ್ನು ಭಕ್ತಿಯಿಂದ ಕಾಣುವ ಸಭೆಯೇ ಅಷ್ಟು ಹೊತ್ತು ವಾಲಿಯ ಪಕ್ಷದಲ್ಲಿ ನಿಲ್ಲುತ್ತದೆ. ಕಥೆಯ ಕೊನೆ ಬದಲಾಗದಿದ್ದರೂ ನ್ಯಾಯದ ತೂಕ ಆ ರಾತ್ರಿ ಬದಲಾಗಬಲ್ಲದು, ಏಕೆಂದರೆ ಅನ್ಯಾಯಕ್ಕೆ ಒಳಗಾದವನಿಗೆ ಅಲ್ಲಿ ಮಾತಿದೆ.

ಇದೇ ಅಳತೆಗೋಲನ್ನು ತಮ್ಮ ಕ್ವೆಸ್ಟ್‌ಗೆ, ಎಂದರೆ ‘ವಿಚರ್’ ಆಟದೊಳಗಿನ ಆ ಕಾರ್ಯಕ್ಕೆ ಹಿಡಿದು ನೋಡೋಣ. ಬ್ಯಾರನ್ ಕುಡುಕ, ಹೆಂಡತಿಯನ್ನು ಹೊಡೆದವನು, ಅವಳ ಗರ್ಭ ಇಳಿದುಹೋಗಿತ್ತು. ಅವನನ್ನು ಹೇಸುತ್ತಲೇ ಆಡಲು ತೊಡಗುತ್ತೇವೆ. ಆದರೆ ಅವನು ಮಾತಾಡುತ್ತಾನೆ: ಸುಳ್ಳು ಹೇಳುತ್ತಾನೆ, ಸಿಕ್ಕಿಬಿದ್ದ ಮೇಲೆ ಒಪ್ಪಿಕೊಳ್ಳುತ್ತಾನೆ, ಅವಳದೂ ತಪ್ಪಿತ್ತೆಂದು ವಾದಿಸುತ್ತಾನೆ, ಹುಟ್ಟದೆ ಹೋದ ಕೂಸನ್ನು ಎತ್ತಿಕೊಂಡು ನಡೆಯುತ್ತಾನೆ. ಅವನ ವಾದವನ್ನು ಒಪ್ಪದವರಿಗೂ ಅದನ್ನು ಕೇಳದಿರಲಾಗುವುದಿಲ್ಲ. ಹತ್ತು ವರ್ಷ ಕಳೆದರೂ ಆಡಿದವರ ನೆನಪಿನಲ್ಲಿ ಅವನು ಉಳಿದಿರುವುದು ಅದಕ್ಕೇ ಹೊರತು ಅವನಿಗೆ ಎರಡು ಬಗೆಯ ಅಂತ್ಯವಿದೆಯೆಂದಲ್ಲ. ಡೌನ್‌ವಾರನ್ನಿನ ಪರವಾಗಿ ಅರ್ಥ ಹೇಳುವವರು ಯಾರು? ಮರದ ಬುಡದ ಆತ್ಮ ತನ್ನ ಪರ ವಾದಿಸುತ್ತದೆ, ಮಕ್ಕಳನ್ನು ನಾವು ಕಣ್ಣಾರೆ ಕಂಡಿದ್ದೇವೆ. ಹಳ್ಳಿಯವರಾದರೋ ಮುಖಂಡನೊಬ್ಬನನ್ನು ಬಿಟ್ಟರೆ ಹೆಚ್ಚುಕಡಿಮೆ ಮೂಕರು, ಅವನೂ ಕೆಲಸ ಹೇಳುತ್ತಾನೆಯೇ ಹೊರತು ವಾದ ಹೂಡುವುದಿಲ್ಲ. ತಮಗೆ ಮೋಸವೆಂದು ತೋರಿದ್ದು ಫಲ ಮುಚ್ಚಿಟ್ಟದ್ದಲ್ಲ, ಪ್ರತಿವಾದಿಯಿಲ್ಲದೆ ತೀರ್ಪು ಕೇಳಿದ್ದು ಎಂದು ನಾನು ತಿಳಿಯುತ್ತೇನೆ. ಆ ಮಟ್ಟಿಗೆ ತಮ್ಮ ಸಿಟ್ಟು ನ್ಯಾಯವಾದದ್ದೇ. ನಮ್ಮ ಲೇಖನ ಈ ಕ್ವೆಸ್ಟನ್ನು ಹೊಗಳುವಾಗ ಇದನ್ನು ಗಮನಿಸಬೇಕಿತ್ತು.

‘ತಾವಾಗಿದ್ದರೆ ಏನು ಮಾಡುತ್ತಿದ್ದಿರಿ’ ಎಂದು ಕೊನೆಯಲ್ಲಿ ನನ್ನನ್ನು ಕೇಳಿದ್ದೀರಿ. ಕಳೆದ ಮಳೆಗಾಲದಲ್ಲಿ ನನ್ನ ಸೋದರಳಿಯನ ಪಕ್ಕ ಕುಳಿತು ಇದನ್ನು ಆಡಿಸಿದ್ದೇನೆ. ಬಿಡುಗಡೆಗೆಂದು ಆತ್ಮ ಕೇಳುವ ಕಾಗೆಯ ಗರಿ, ಕರಿಯ ಕುದುರೆ, ಅಸ್ಥಿ ಎಲ್ಲವನ್ನೂ ಕೂಡಿಸಿದ ಮೇಲೆ ಅವನು ನನ್ನ ಮುಖ ನೋಡಿದ, ನಾನು ಬಿಟ್ಟುಬಿಡೆಂದೆ. ಮಕ್ಕಳಿಗಾಗಿ ಹಾಗೆ ಹೇಳಿದೆನೆಂದು ಆಗ ಅಂದುಕೊಂಡಿದ್ದೆ. ಅಷ್ಟೆಲ್ಲ ಅಲೆದು ಕುದುರೆ ಹಿಡಿದು ತಂದ ಮೇಲೆ ಬಿಡದಿರುವುದು ಹೇಗೆಂಬ ಯೋಚನೆಯೂ ಅದರಲ್ಲಿತ್ತು ಎಂದು ಅಳಿಯ ಹೇಳುತ್ತಾನೆ, ಅದಕ್ಕೆ ನಾನಿನ್ನೂ ಉತ್ತರ ಕೊಟ್ಟಿಲ್ಲ.

— ಸಂ.